ಒಬ್ಬ ದಾನಿಯಿಂದ ಹಲವು ರಕ್ತಘಟಕ: ಯಂತ್ರಗಳನ್ನು ಯಾವ ಅಳತೆಯಿಂದ ಹೋಲಿಸಬೇಕು?

ಹೊಂಗೆನೆರಳು:
ರಕ್ತಕೇಂದ್ರವೊಂದರ ಅಫೆರೆಸಿಸ್ (ದಾನಿಯ ರಕ್ತದಿಂದ ಬೇಕಾದ ಘಟಕವನ್ನಷ್ಟೇ ಯಂತ್ರದಿಂದ ತೆಗೆದು ಉಳಿದದ್ದನ್ನು ಹಿಂದಿರುಗಿಸುವ) ವಿಭಾಗದಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮ ಹಳೆಯ ಯಂತ್ರಗಳನ್ನು ಬದಲಾಯಿಸುವ ಕಾಲ ಬಂದಿದೆ. ಒಂದೇ ಬಾರಿಗೆ ಒಬ್ಬ ದಾನಿಯಿಂದ ಪ್ಲೇಟ್‌ಲೆಟ್, ಪ್ಲಾಸ್ಮಾ ಮತ್ತು ಕೆಂಪು ರಕ್ತಕಣಗಳನ್ನು ಬೇಕಾದ ಜೋಡಿಯಲ್ಲಿ ಸಂಗ್ರಹಿಸಬಲ್ಲ ಯಂತ್ರವೇ ಬೇಕೆಂದು ತೀರ್ಮಾನವಾಗಿದ್ದು, ಹೋಲಿಕೆಯ ಪಟ್ಟಿಯನ್ನು ಸಿದ್ಧಪಡಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಟ್ರೈಮಾ ಆಕ್ಸೆಲ್, ಅಮಿಕಸ್, ಎಂಸಿಎಸ್ ಪ್ಲಸ್, ಕಾಮ್‌ಟೆಕ್ ಈ ನಾಲ್ಕರ ಪರಿಚಯ ಪುಸ್ತಿಕೆಗಳೂ ಮೇಜಿನ ಮೇಲಿವೆ. ಎಲ್ಲದರಲ್ಲೂ ಎದ್ದು ಕಾಣುವುದು ಒಂದೇ: ಇಷ್ಟು ನಿಮಿಷದಲ್ಲಿ ಇಷ್ಟು ಪ್ಲೇಟ್‌ಲೆಟ್.

ಆ ನಿಮಿಷಗಳನ್ನು ಯಾವ ದಾನಿಯ ಮೇಲೆ ಅಳೆದರು ಎಂಬುದು ಮಾತ್ರ ಎದ್ದು ಕಾಣುವುದಿಲ್ಲ. ನಮ್ಮ ಕುರ್ಚಿಯಲ್ಲಿ ಕೂರುವವರಲ್ಲಿ 50 ಕಿಲೋ ತೂಕದವರೂ ಇದ್ದಾರೆ, ರಕ್ತನಾಳ ಸಣ್ಣಗಿರುವವರೂ ಇದ್ದಾರೆ. ಈ ಯಂತ್ರಗಳಲ್ಲಿ ಕೈಯಾಡಿಸಿದವರು ಪಟ್ಟಿಯ ಮೊದಲ ಸಾಲಿನಲ್ಲಿ ಏನಿರಬೇಕೆಂದು ದಯವಿಟ್ಟು ತಿಳಿಸಿ.

ದಾಸ್ತಾನು:
ನನ್ನ ಮಟ್ಟಿಗೆ ಮೊದಲ ಸಾಲು ನಿಮಿಷವೇ. ಇರುವುದು ನಾಲ್ಕು ಕುರ್ಚಿ. ಒಬ್ಬ ದಾನಿಗೆ 90 ನಿಮಿಷ ಹಿಡಿದರೆ ದಿನಕ್ಕೆ ಎಷ್ಟು ಜನರನ್ನು ಕೂರಿಸಬಹುದು, 60 ನಿಮಿಷ ಹಿಡಿದರೆ ಎಷ್ಟು ಜನರನ್ನು ಎಂಬ ಲೆಕ್ಕವನ್ನು ನಾನು ಪ್ರತಿದಿನ ಹಾಕುತ್ತೇನೆ. ಪ್ಲೇಟ್‌ಲೆಟ್ ಚೀಲದ ಆಯುಸ್ಸು ಸಾಮಾನ್ಯವಾಗಿ ಐದೇ ದಿನ, ಕೂಡಿಟ್ಟು ಕಷ್ಟಕಾಲಕ್ಕೆ ತೆಗೆಯೋಣವೆಂದರೆ ಆಗುವುದಿಲ್ಲ. ಬಿಡುವು ಮಾಡಿಕೊಂಡು ಬರುವ ದಾನಿಗೂ ಸಮಯವೇ ದೊಡ್ಡದು. ಒಂದು ಸಲ ಎರಡು ಗಂಟೆ ಕೂತು ಬೇಸತ್ತವರು ಮತ್ತೆ ಬರುವುದಿಲ್ಲ.

ಯಂತ್ರಮಿತ್ರ:
ನಿಮಿಷಕ್ಕೆ ಬರುವ ಮುನ್ನ ಯಂತ್ರದ ಒಳಗೆ ಏನು ನಡೆಯುತ್ತದೆ ಎಂಬುದನ್ನು ಬೇರ್ಪಡಿಸಿಕೊಳ್ಳಬೇಕು, ಇಲ್ಲವಾದರೆ ಹೋಲಿಕೆಯೇ ತಪ್ಪುತ್ತದೆ. ನಾಲ್ಕೂ ಯಂತ್ರಗಳು ರಕ್ತವನ್ನು ತಿರುಗಿಸಿ, ತೂಕದ ವ್ಯತ್ಯಾಸದಿಂದ ಪದರಗಳನ್ನಾಗಿ ಮಾಡುತ್ತವೆ. ಹೊರ ಅಂಚಿಗೆ ಕೆಂಪು ಕಣ, ಒಳಕ್ಕೆ ಪ್ಲಾಸ್ಮಾ, ನಡುವಿನ ತೆಳು ಪದರದಲ್ಲಿ ಬಿಳಿ ಕಣ ಮತ್ತು ಪ್ಲೇಟ್‌ಲೆಟ್. ವ್ಯತ್ಯಾಸವಿರುವುದು ಆ ಪದರವನ್ನು ಹೊರತೆಗೆಯುವ ಬಗೆಯಲ್ಲಿ.

ಎಂಸಿಎಸ್ ಪ್ಲಸ್‌ನಲ್ಲಿರುವುದು ಲೇಥಮ್ ಬೌಲ್ ಎಂಬ ತಿರುಗುವ ಬಟ್ಟಲು. ರಕ್ತ ಬೌಲಿನ ತಳಕ್ಕೆ ಇಳಿದು, ಕೆಂಪು ಕಣಗಳು ಗೋಡೆಗೆ ಒತ್ತಿಕೊಂಡು ತುಂಬುತ್ತಾ ಬಂದಂತೆ ಪ್ಲಾಸ್ಮಾ ಮೇಲಿನ ಬಾಯಿಯಿಂದ ಹೊರಬೀಳುತ್ತದೆ. ಪ್ಲೇಟ್‌ಲೆಟ್ ಪದರ ಬಾಯಿಯ ಹತ್ತಿರ ಬಂದಾಗ ಯಂತ್ರವು ಪ್ಲಾಸ್ಮಾವನ್ನು ರಭಸದಿಂದ ಒಳನುಗ್ಗಿಸಿ ಪ್ಲೇಟ್‌ಲೆಟ್‌ಗಳನ್ನು ತೇಲಿಸಿಕೊಂಡು ಬರುತ್ತದೆ. ಆಮೇಲೆ ಬೌಲ್ ನಿಂತು, ಉಳಿದದ್ದೆಲ್ಲ ದಾನಿಗೆ ಹಿಂದಿರುಗುತ್ತದೆ. ಹೀಗೆ ತುಂಬುವುದು, ಖಾಲಿಯಾಗುವುದು, ಮತ್ತೆ ತುಂಬುವುದು. ಉಳಿದ ಮೂರರಲ್ಲಿ ಸೆಂಟ್ರಿಫ್ಯೂಜ್ ನಿಲ್ಲದೆ ತಿರುಗುತ್ತಿರುತ್ತದೆ, ರಕ್ತ ಒಂದು ಕಡೆಯಿಂದ ಹೊಕ್ಕು ಬೇರ್ಪಟ್ಟು ಇನ್ನೊಂದು ಕಡೆಯಿಂದ ಹೊರಬರುತ್ತಲೇ ಇರುತ್ತದೆ.

ಒಂದೇ ಸೂಜಿ ಇದ್ದರೆ ಅದು ಬೌಲ್ ಜಾತಿಯ ಯಂತ್ರ, ಎರಡು ಸೂಜಿ ಇದ್ದರೆ ನಿರಂತರ ಹರಿವಿನದು ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು.

ಹೊಸಕಲಿಕೆ:
ಒಂದೇ ಸೂಜಿಯಲ್ಲಿ ಹರಿವು ನಿರಂತರವಾಗಿರಲು ಹೇಗೆ ಸಾಧ್ಯ ಸರ್? ತೆಗೆಯುವಾಗ ಕೊಡಲಾಗದು, ಕೊಡುವಾಗ ತೆಗೆಯಲಾಗದು ಅಲ್ಲವೇ?

ಯಂತ್ರಮಿತ್ರ:
ಒಳ್ಳೆಯ ಪ್ರಶ್ನೆ. ದಾನಿಯ ತೋಳಿನಲ್ಲಿ ಹರಿವು ನಿಂತು ನಿಂತು ನಡೆಯುತ್ತದೆ, ಸೆಂಟ್ರಿಫ್ಯೂಜಿನೊಳಗೆ ನಿಲ್ಲುವುದಿಲ್ಲ. ಟ್ರೈಮಾದ ಕಿಟ್ಟಿನಲ್ಲಿ (ಒಮ್ಮೆ ಬಳಸಿ ಎಸೆಯುವ ಕೊಳವೆ, ಚೀಲಗಳ ಜೋಡಣೆ) ಒಂದು ಸಣ್ಣ ಸಂಗ್ರಹ ಪೆಟ್ಟಿಗೆ ಇರುತ್ತದೆ. ಹಿಂದಿರುಗಿಸಬೇಕಾದ ರಕ್ತ ಅದರಲ್ಲಿ ತುಂಬಿದಾಗ ಯಂತ್ರವು ತೆಗೆಯುವುದನ್ನು ಕ್ಷಣಕಾಲ ತಡೆದು ಅದನ್ನು ದಾನಿಗೆ ಕೊಟ್ಟು ಮತ್ತೆ ತೆಗೆಯಲು ತೊಡಗುತ್ತದೆ. ಒಳಗಿನ ಪದರಗಳು ಅಷ್ಟು ಹೊತ್ತೂ ಕದಡದೆ ನಿಂತಿರುತ್ತವೆ. ಅಮಿಕಸ್ ಮತ್ತು ಕಾಮ್‌ಟೆಕ್‌ಗಳನ್ನು ಒಂದು ಸೂಜಿಯಲ್ಲೂ ಎರಡು ಸೂಜಿಯಲ್ಲೂ ನಡೆಸಬಹುದು.

ಎಣಿಕೆಗಾರ:
ಮೇಲಿನ ವಿವರಣೆಯಿಂದಲೇ ಹೊಂಗೆನೆರಳು ಅವರ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಲೆಕ್ಕ ಮಾಡಿ ತೋರಿಸುತ್ತೇನೆ.

ಬೌಲಿನ ಗಾತ್ರ 225 ಮಿ.ಲೀ. ಎಂದಿಟ್ಟುಕೊಳ್ಳಿ. ಪದರ ಬಾಯಿಗೆ ಬರಬೇಕಾದರೆ ಬೌಲ್ ಬಹುಮಟ್ಟಿಗೆ ಕೆಂಪು ಕಣಗಳಿಂದ ತುಂಬಬೇಕು. ಅದಕ್ಕೆ ಸುಮಾರು 180 ಮಿ.ಲೀ. ಕೆಂಪು ಕಣ ಬೇಕೆಂದು ಹಿಡಿಯೋಣ. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಶೇ. 50 ಇರುವವರಿಂದ ಅಷ್ಟು ಕೆಂಪು ಕಣ ಬರಲು 360 ಮಿ.ಲೀ. ರಕ್ತ ಸಾಕು. ಶೇ. 38 ಇರುವವರಿಂದ ಸುಮಾರು 475 ಮಿ.ಲೀ. ತೆಗೆಯಬೇಕಾಗುತ್ತದೆ. ರಕ್ತ ತೆಳುವಾಗಿದ್ದಷ್ಟೂ ಹೆಚ್ಚು ರಕ್ತ ಮೈಯಿಂದ ಹೊರಗಿರುತ್ತದೆ.

ಈಗ ದಾನಿಯ ಮೈಯಲ್ಲಿರುವ ಒಟ್ಟು ರಕ್ತವನ್ನು, ಎತ್ತರ ಮತ್ತು ತೂಕದಿಂದ ಅಂದಾಜಿಸುವ ನ್ಯಾಡ್ಲರ್ ಸೂತ್ರದಿಂದ ಲೆಕ್ಕ ಹಾಕೋಣ. 175 ಸೆಂ.ಮೀ. ಎತ್ತರದ, 75 ಕಿಲೋ ತೂಕದ ಪುರುಷನಿಗೆ ಸುಮಾರು 5 ಲೀಟರ್. 155 ಸೆಂ.ಮೀ. ಎತ್ತರದ, 50 ಕಿಲೋ ತೂಕದ ಮಹಿಳೆಗೆ ಸುಮಾರು 3.16 ಲೀಟರ್. ಆತನಿಗೆ 360 ಮಿ.ಲೀ. ಎಂದರೆ ಮೈಯ ರಕ್ತದ ಶೇ. 7 ಚಿಲ್ಲರೆ. ಆಕೆಗೆ 475 ಮಿ.ಲೀ. ಎಂದರೆ ಶೇ. 15. ಯಂತ್ರವೂ ಒಂದೇ, ಬೌಲೂ ಒಂದೇ, ಮೈ ಹೊರುವ ಭಾರ ಮಾತ್ರ ಎರಡು ಪಟ್ಟು. ನಿರಂತರ ಹರಿವಿನ ಯಂತ್ರದಲ್ಲಿ ಹೊರಗಿರುವ ರಕ್ತ ಇದಕ್ಕಿಂತ ಕಡಿಮೆ, ಮತ್ತು ಅದು ಹೆಮಟೋಕ್ರಿಟ್‌ಗೆ ತಕ್ಕಂತೆ ಇಷ್ಟೊಂದು ಏರಿಳಿಯುವುದಿಲ್ಲ. ಪಟ್ಟಿಯ ಮೊದಲ ಸಾಲು ಇದೇ ಆಗಲಿ ಎಂಬುದು ನನ್ನ ಅಭಿಪ್ರಾಯ.

ಹಳೆಯಬೌಲ್:
ಲೆಕ್ಕ ಸರಿ, ತೀರ್ಪು ಅವಸರದ್ದು. ಬೌಲಿನಲ್ಲಿ ಚಿಕ್ಕ ಗಾತ್ರದವೂ ಇವೆ, ಸುತ್ತುಗಳು ಹೆಚ್ಚಾಗುತ್ತವೆ ಅಷ್ಟೆ. ಬೌಲ್ ಯಂತ್ರ ಹಗುರವಾಗಿರುವುದರಿಂದ ಶಿಬಿರಗಳಿಗೆ ಒಯ್ಯಬಹುದು, ಮತ್ತು ಅದರ ಕೆಲಸ ಕಣ್ಣಿಗೆ ಕಾಣುತ್ತದೆ. ಪದರ ಏರಿ ಬರುವುದನ್ನು ಪಕ್ಕದಲ್ಲಿ ನಿಂತು ನೋಡಿದವರಿಗೆ ತೊಂದರೆ ಎಲ್ಲಿ ಹುಟ್ಟಿತೆಂದು ತಕ್ಷಣ ತಿಳಿಯುತ್ತದೆ. ಹೊಸ ತಂತ್ರಜ್ಞರಿಗೆ ನಾನು ಅಫೆರೆಸಿಸ್ ಕಲಿಸಿದ್ದೇ ಬೌಲಿನ ಮುಂದೆ. ಗಟ್ಟಿಮುಟ್ಟಾದ ದಾನಿಗಳಿಂದ ಪ್ಲಾಸ್ಮಾವನ್ನೇ ಮುಖ್ಯವಾಗಿ ಸಂಗ್ರಹಿಸುವ ಕೇಂದ್ರಕ್ಕೆ ಇದನ್ನು ಬೇಡವೆನ್ನಲು ಕಾರಣವೇ ಇಲ್ಲ.

ಎಣಿಕೆಗಾರ:
ಒಪ್ಪಿದೆ. ಹೊಂಗೆನೆರಳು ಅವರು ಕೇಳಿದ್ದು 50 ಕಿಲೋ ತೂಕದವರ ಬಗ್ಗೆ ಎಂಬ ಕಾರಣಕ್ಕೆ ನಾನು ಹಾಗೆ ಬರೆದೆ.

ಸೂಜಿಮೊನೆ:
ನಾನು ಶುಶ್ರೂಷಕಿ, ಯಂತ್ರದ ಪರದೆಗಿಂತ ದಾನಿಯ ಮೊಣಕೈಯನ್ನು ಹೆಚ್ಚು ನೋಡುವವಳು. ಸಂಗ್ರಹ ನಡುವೆ ನಿಂತುಹೋದರೆ ಏನಾಗುತ್ತದೆ ಎಂಬುದನ್ನು ಯಾವ ಪುಸ್ತಿಕೆಯೂ ದಪ್ಪಕ್ಷರದಲ್ಲಿ ಹಾಕುವುದಿಲ್ಲ, ಆದ್ದರಿಂದ ಒಂದು ಘಟನೆಯನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಬ್ಬ ಯುವತಿ ಮೊದಲ ಬಾರಿಗೆ ಪ್ಲೇಟ್‌ಲೆಟ್ ಕೊಡಲು ಬಂದಿದ್ದಳು. ಅದು ಯಾವ ಯಂತ್ರವೆಂಬುದು ಇಲ್ಲಿ ಬೇಡ. ಎರಡನೆಯ ಸುತ್ತಿನಲ್ಲಿ ರಕ್ತ ಹಿಂದಿರುಗುವಾಗ ಒತ್ತಡದ ಎಚ್ಚರಿಕೆ ಕೂಗಿತು. ನಾನು ಬಟ್ಟೆ ಸರಿಸಿ ನೋಡುವಷ್ಟರಲ್ಲಿ ಸೂಜಿಯ ಪಕ್ಕದಲ್ಲಿ ಚರ್ಮ ನಿಂಬೆಹಣ್ಣಿನ ಗಾತ್ರಕ್ಕೆ ಉಬ್ಬಿತ್ತು. ಸೂಜಿ ನಾಳದಿಂದ ಜಾರಿ, ರಕ್ತ ಸುತ್ತಲಿನ ಮಾಂಸಕ್ಕೆ ಇಳಿಯುತ್ತಿತ್ತು. ತಕ್ಷಣ ನಿಲ್ಲಿಸಿ, ಸೂಜಿ ತೆಗೆದು, ಒತ್ತಿ ಹಿಡಿದು ತೋಳನ್ನು ಮೇಲಕ್ಕೆತ್ತಿಸಿದೆ. ಇನ್ನೊಂದು ತೋಳಿನಲ್ಲಿ ನಾಳ ಹುಡುಕಿದರೆ ಸಿಗಲಿಲ್ಲ. ಕಿಟ್ಟಿನೊಳಗೆ ಅವಳ ಕೆಂಪು ರಕ್ತ ತುಂಬಿ ನಿಂತಿತ್ತು, ಅದನ್ನು ಹಿಂದಿರುಗಿಸಲು ದಾರಿಯೇ ಇರಲಿಲ್ಲ. ಅವಳು ಆ ಕಿಟ್ಟನ್ನೇ ದಿಟ್ಟಿಸುತ್ತಾ, "ಅದು ನನ್ನದೇ ಅಲ್ಲವೇ ಅಕ್ಕಾ, ಯಾರಿಗೂ ಆಗುವುದಿಲ್ಲವೇ?" ಎಂದು ಕೇಳಿದಳು. ಯಾರಿಗೂ ಆಗುವುದಿಲ್ಲ ಎಂದು ಹೇಳಬೇಕಾಯಿತು. ಮುಂದಿನ ದಾನಕ್ಕೆ ಅವಳು ಹಲವು ವಾರ ಕಾಯಬೇಕಾಯಿತು.

ಪಟ್ಟಿಗೆ ಮೂರು ಪ್ರಶ್ನೆಗಳನ್ನು ಸೇರಿಸಿ. ಅರ್ಧಕ್ಕೆ ನಿಂತರೆ ಗರಿಷ್ಠ ಎಷ್ಟು ಕೆಂಪು ಕಣ ಒಳಗೇ ಉಳಿಯುತ್ತದೆ? ಒಂದು ತೋಳಿನಲ್ಲಿ ಕೆಟ್ಟರೆ ಅದೇ ಕಿಟ್ಟಿನಲ್ಲಿ ಇನ್ನೊಂದು ತೋಳಿಗೆ ಸೂಜಿ ಹಾಕಿ ಮುಂದುವರಿಯಬಹುದೇ? ಸಂಗ್ರಹ ಸರಿಯಾಗಿ ಮುಗಿದಾಗ ಸಲೈನ್ ಹಾಯಿಸಿ ಕೊಳವೆಗಳಲ್ಲಿ ಉಳಿದದ್ದನ್ನು ಹಿಂದಿರುಗಿಸಿದ ಮೇಲೂ ಎಷ್ಟು ನಷ್ಟ? ಕೊನೆಯ ಪ್ರಶ್ನೆಯ ಉತ್ತರವನ್ನು ಮಾತ್ರ ಓದಿ ಸಮಾಧಾನಪಟ್ಟುಕೊಳ್ಳಬೇಡಿ.

ದಾಸ್ತಾನು:
ಈ ಮೂರು ಪ್ರಶ್ನೆಗಳು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಧನ್ಯವಾದ ಮೇಡಂ.

ಎಂಬತ್ತನೆಯಚೀಲ:
ನಾನು ತಜ್ಞನಲ್ಲ, ದಾನಿ. ಎಂಬತ್ತು ಬಾರಿ ಪ್ಲೇಟ್‌ಲೆಟ್ ಕೊಟ್ಟಿದ್ದೇನೆ, ಎರಡೂ ಜಾತಿಯ ಯಂತ್ರಗಳಲ್ಲಿ. ಬೌಲ್ ಯಂತ್ರದಲ್ಲಿ ರಕ್ತ ಹಿಂದಿರುಗುವ ಹೊತ್ತಿಗೆ ತೋಳೆಲ್ಲ ತಣ್ಣಗಾಗಿ, ತುಟಿಯಂಚು ಜುಮ್ಮೆನ್ನಲು ಶುರುವಾಗುತ್ತಿತ್ತು. ತೆಗೆಯುವ ಸುತ್ತಿನಲ್ಲಿ ಇಳಿಯುತ್ತಿತ್ತು, ಮತ್ತೆ ಕೊಡುವಾಗ ಏರುತ್ತಿತ್ತು. ಇನ್ನೊಂದು ಜಾತಿಯದರಲ್ಲಿ ಅದು ಅಲೆಯಂತೆ ಬರದೆ, ಕೊನೆಯ ಅರ್ಧ ಗಂಟೆಯಲ್ಲಿ ಮೆಲ್ಲಗೆ ಕಾಣಿಸಿಕೊಳ್ಳುತ್ತದೆ. ನನಗೆ ಎರಡನೆಯದು ಹಿತ. ಇನ್ನೊಂದು ಮಾತು. ಪ್ಲೇಟ್‌ಲೆಟ್ ಜೊತೆಗೆ ದಾನಿಯ ಬಿಳಿ ಕಣಗಳೂ ಕಡಿಮೆಯಾಗುತ್ತವೆ ಎಂದು ಕೇಳಿದ್ದೇನೆ. ಅದು ನಿಜವೇ? ಯಂತ್ರದಿಂದ ಯಂತ್ರಕ್ಕೆ ವ್ಯತ್ಯಾಸ ಇದೆಯೇ?

ರಕ್ತವೈದ್ಯೆ:
ಎರಡೂ ಮುಖ್ಯವಾದ ವಿಷಯಗಳು. ಮೊದಲು ಜುಮ್ಮೆನ್ನುವುದರ ಬಗ್ಗೆ. ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಬೆರೆಸುವ ಎಸಿಡಿ-ಎ ದ್ರಾವಣದಲ್ಲಿ ಸಿಟ್ರೇಟ್ ಇರುತ್ತದೆ. ಅದು ಹಿಂದಿರುಗುವ ರಕ್ತದೊಂದಿಗೆ ಮೈಯೊಳಗೆ ಹೋಗಿ ಅಲ್ಲಿರುವ ಬಿಡಿ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಯಕೃತ್ತು ಮುಂತಾದ ಅಂಗಗಳು ಸಿಟ್ರೇಟನ್ನು ಬೇಗನೆ ಕರಗಿಸುತ್ತವೆಯಾದರೂ, ಅವು ಕರಗಿಸುವುದಕ್ಕಿಂತ ವೇಗವಾಗಿ ಒಳಬಂದರೆ ತುಟಿ, ಬೆರಳ ತುದಿಗಳು ಜುಮ್ಮೆನ್ನುತ್ತವೆ. ಆದ್ದರಿಂದ ಒಟ್ಟು ಸಿಟ್ರೇಟ್ ಎಷ್ಟು ಎಂಬುದಕ್ಕಿಂತ, ದಾನಿಯ ತೂಕಕ್ಕೆ ನಿಮಿಷಕ್ಕೆ ಎಷ್ಟು ಎಂಬುದನ್ನು ನೋಡಬೇಕು. ದಾಸ್ತಾನು ಅವರು ಕೇಳುವ ವೇಗಕ್ಕೂ ಇದಕ್ಕೂ ನೇರ ಸಂಬಂಧವಿದೆ: ಹರಿವಿನ ವೇಗ ಏರಿಸಿದರೆ ನಿಮಿಷ ಉಳಿಯುತ್ತದೆ, ಚಿಕ್ಕ ಮೈಕಟ್ಟಿನವರಿಗೆ ಸಿಟ್ರೇಟಿನ ಹೊರೆ ಏರುತ್ತದೆ. ಕ್ಯಾಲ್ಸಿಯಂ ಮಾತ್ರೆ ಚಪ್ಪರಿಸಲು ಕೊಡುವುದು ಸರಿಯೇ, ಆದರೆ ಮೊದಲು ಮಾಡಬೇಕಾದದ್ದು ಹಿಂದಿರುಗುವ ವೇಗವನ್ನು ಇಳಿಸುವುದು.

ಇನ್ನು ಬಿಳಿ ಕಣಗಳು. ಪ್ಲೇಟ್‌ಲೆಟ್ ಚೀಲಕ್ಕೆ ಬಿಳಿ ಕಣ ಸೇರದಂತೆ ಒಂದೊಂದು ಯಂತ್ರ ಒಂದೊಂದು ಉಪಾಯ ಮಾಡುತ್ತದೆ. ಎಂಸಿಎಸ್ ಪ್ಲಸ್‌ನ ಹಲವು ಕಿಟ್ಟುಗಳಲ್ಲಿ ಸೋಸುವ ಫಿಲ್ಟರ್ ಇರುತ್ತದೆ. ಟ್ರೈಮಾದಲ್ಲಿ ಎಲ್‌ಆರ್‌ಎಸ್ ಎಂಬ ಶಂಕುವಿನಾಕಾರದ ಸಣ್ಣ ಕೋಣೆ ಇದ್ದು, ಬಿಳಿ ಕಣಗಳು ಅದರಲ್ಲಿ ಸಿಕ್ಕಿಕೊಂಡು ಕೊನೆಯಲ್ಲಿ ಕಿಟ್ಟಿನೊಂದಿಗೇ ಹೊರಹೋಗುತ್ತವೆ. ಪದೇಪದೇ ಪ್ಲೇಟ್‌ಲೆಟ್ ಕೊಡುವವರಲ್ಲಿ ಲಿಂಫೋಸೈಟ್‌ಗಳ (ಒಂದು ಬಗೆಯ ಬಿಳಿ ಕಣಗಳ) ಎಣಿಕೆ ಇಳಿಯುವುದಕ್ಕೂ ಈ ಬಗೆಯ ಕೋಣೆಗೂ ನಂಟಿದೆ ಎಂಬ ವರದಿ 2019ರಲ್ಲಿ ಪ್ರಕಟವಾದ ಮೇಲೆ ಈ ವಿಷಯ ತಜ್ಞರ ನಡುವೆ ಗಂಭೀರ ಚರ್ಚೆಗೆ ಬಂದಿದೆ. ಎಣಿಕೆ ಇಳಿಯುವುದು ಬೇರೆ, ಕಾಯಿಲೆ ಬರುವುದು ಬೇರೆ. ಆದ್ದರಿಂದ ನೀವು ಗಾಬರಿಯಾಗಬೇಕಿಲ್ಲ. ಎಂಬತ್ತು ಬಾರಿ ಕೊಟ್ಟವರ ರಕ್ತಕಣಗಳ ಪೂರ್ಣ ಎಣಿಕೆಯನ್ನು ಕೇಂದ್ರದವರು ಕಾಲಕಾಲಕ್ಕೆ ಗಮನಿಸುತ್ತಿರಬೇಕು, ಹಾಗೆ ಕೇಳುವ ಹಕ್ಕು ನಿಮಗಿದೆ.

ಎಂಬತ್ತನೆಯಚೀಲ:
ತುಂಬಾ ಉಪಕಾರವಾಯಿತು ಡಾಕ್ಟರೇ. ಮುಂದಿನ ಸಲ ಖಂಡಿತ ಕೇಳುತ್ತೇನೆ.

ಗುಣಮಾಪಕ:
ಎಲ್ಲರೂ ದಾನಿಯ ಕಡೆಯಿಂದ ಮಾತಾಡಿದ್ದೀರಿ, ನಾನು ಚೀಲದ ಕಡೆಯಿಂದ ಬರುತ್ತೇನೆ. ಚೀಲದ ಆಚೆ ತುದಿಯಲ್ಲಿ ರೋಗಿಯಿದ್ದಾರೆ.

ಅಮೆರಿಕದ ಮಾನದಂಡದಲ್ಲಿ ಒಂದು ಅಫೆರೆಸಿಸ್ ಚೀಲದಲ್ಲಿ ಕನಿಷ್ಠ 30,000 ಕೋಟಿ ಪ್ಲೇಟ್‌ಲೆಟ್ ಇರಬೇಕು, ಯುರೋಪಿನಲ್ಲಿ 20,000 ಕೋಟಿ. ಬಿಳಿ ಕಣಗಳು ಅಮೆರಿಕದಲ್ಲಿ 50 ಲಕ್ಷಕ್ಕಿಂತ, ಯುರೋಪಿನಲ್ಲಿ 10 ಲಕ್ಷಕ್ಕಿಂತ ಕಡಿಮೆ ಇರಬೇಕು. ಯಂತ್ರದ ಪರದೆಯ ಮೇಲೆ ಬರುವ ಸಂಖ್ಯೆ ಅಂದಾಜು, ಅದು ಎಣಿಕೆಯಲ್ಲ. ದಾನಿಯ ಮೊದಲಿನ ಪ್ಲೇಟ್‌ಲೆಟ್ ಎಣಿಕೆಯನ್ನು ನಾವು ಒತ್ತಿ ಕೊಡುತ್ತೇವೆ, ಅದರ ಆಧಾರದ ಮೇಲೆ ಯಂತ್ರ ಲೆಕ್ಕ ಹಾಕುತ್ತದೆ. ನಮ್ಮ ಎಣಿಕೆ ಯಂತ್ರ ಶೇ. 10 ಹೆಚ್ಚು ತೋರಿಸಿದರೆ ಚೀಲದಲ್ಲಿ ಹೆಚ್ಚುಕಡಿಮೆ ಅಷ್ಟೇ ಕಡಿಮೆ ಬೀಳುತ್ತದೆ. ಹೊಸ ಯಂತ್ರ ಬಂದ ದಿನದಿಂದಲೇ ಪರದೆಯ ಅಂಕಿಯನ್ನೂ ಪ್ರಯೋಗಾಲಯದ ಅಂಕಿಯನ್ನೂ ಪಕ್ಕಪಕ್ಕದಲ್ಲಿ ಬರೆದು ತಿದ್ದುಪಡಿಯ ಗುಣಕವನ್ನು ಕಂಡುಕೊಳ್ಳಬೇಕು. ಇದನ್ನು ಮಾಡದೆ ಎರಡು ಯಂತ್ರಗಳನ್ನು ಹೋಲಿಸುವುದು ಬೇರೆ ಬೇರೆ ತಕ್ಕಡಿಯಲ್ಲಿ ತೂಗಿದಂತೆ.

ಕೈಕೆಲಸವೂ ಯಂತ್ರದಿಂದ ಯಂತ್ರಕ್ಕೆ ಬೇರೆ. ಟ್ರೈಮಾದಲ್ಲಿ ಪ್ಲೇಟ್‌ಲೆಟ್‌ಗಳು ಪ್ಲಾಸ್ಮಾದಲ್ಲಿ ತೇಲುತ್ತಲೇ ಚೀಲಕ್ಕೆ ಬರುತ್ತವೆ. ಅಮಿಕಸ್‌ನಲ್ಲಿ ಅವು ಕೋಣೆಯಲ್ಲಿ ದಟ್ಟವಾಗಿ ಕೂಡಿಕೊಂಡಿದ್ದು, ಕೊನೆಯಲ್ಲಿ ನಾವೇ ಕೈಯಿಂದ ಮೆಲ್ಲನೆ ನೀವಿ ಬಿಡಿಸಬೇಕು. ಇಲ್ಲಿ ಅವಸರ ಮಾಡಿದರೆ ಗಂಟು ಉಳಿಯುತ್ತದೆ. ಯಾವ ಯಂತ್ರದ್ದಾದರೂ ಚೀಲವನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಆಡಿಸಿ ನೋಡುತ್ತೇನೆ. ಜೀವಕಳೆಯಿರುವ ಪ್ಲೇಟ್‌ಲೆಟ್ ಇದ್ದರೆ ರೇಷ್ಮೆ ಸೀರೆಯ ಮಡಿಕೆ ತಿರುಗಿಸಿದಾಗ ಕಾಣುವಂಥ ಹೊಳಪಿನ ಸುಳಿ ಎದ್ದು ಸರಿಯುತ್ತದೆ. ಸುಳಿ ಕಾಣದ ಚೀಲ ಮಂಕಾಗಿ ಮಸುಕು ಗಾಜಿನಂತೆ ಕಾಣುತ್ತದೆ, ಅದನ್ನು ನಾನು ಮುಂದಕ್ಕೆ ಬಿಡುವುದಿಲ್ಲ.

ನಿಮ್ಮ ಕೇಂದ್ರದಲ್ಲಿ ಪ್ಲೇಟ್‌ಲೆಟ್‌ಗೆ ಬೇಡಿಕೆ ಹೆಚ್ಚಿದ್ದರೆ ಎಲ್ಲರಿಂದಲೂ ಎರಡು ಚೀಲ ತೆಗೆಯಬಲ್ಲ ಯಂತ್ರಕ್ಕೇ ಮೊದಲ ಸ್ಥಾನ ಕೊಡಿ.

ಎಣಿಕೆಗಾರ:
ಕೊನೆಯ ವಾಕ್ಯವನ್ನು ತಿದ್ದಬೇಕು ಸರ್. ಎರಡು ಚೀಲ ಬರುವುದು ದಾನಿಯ ಮೈಯಲ್ಲಿ ಅಷ್ಟಿದ್ದರೆ ಮಾತ್ರ. ಮೈಕ್ರೋಲೀಟರಿಗೆ 2.5 ಲಕ್ಷ ಎಣಿಕೆಯಿರುವ 5 ಲೀಟರ್ ರಕ್ತದಲ್ಲಿ 1,25,000 ಕೋಟಿ ಪ್ಲೇಟ್‌ಲೆಟ್ ಇರುತ್ತವೆ. 60,000 ಕೋಟಿ ತೆಗೆದರೂ, ಗುಲ್ಮದಿಂದ ಒಂದಿಷ್ಟು ಬಿಡುಗಡೆಯಾಗುವುದರಿಂದ, ಎಣಿಕೆ ಒಂದು ಲಕ್ಷಕ್ಕಿಂತ ಮೇಲೆಯೇ ನಿಲ್ಲುತ್ತದೆ. ಎಣಿಕೆ 1.6 ಲಕ್ಷವಿದ್ದು 3.16 ಲೀಟರ್ ರಕ್ತವಿರುವವರಲ್ಲಿ ಇರುವುದೇ ಸುಮಾರು 50,000 ಕೋಟಿ. ಅವರಿಂದ ಒಂದು ಚೀಲ ತೆಗೆಯುವುದಕ್ಕೂ ಎರಡು ಬಾರಿ ಯೋಚಿಸಬೇಕು.

ಗುಣಮಾಪಕ:
ನಿಜ. ಎಲ್ಲರಿಂದಲೂ ಎಂದು ಬರೆದದ್ದು ನನ್ನ ತಪ್ಪು. ತಕ್ಕ ದಾನಿ ಸಿಕ್ಕಾಗ ಎಂದು ಓದಿಕೊಳ್ಳಿ.

ದಾಸ್ತಾನು:
ನಿಮಿಷದ ವಿಷಯದಲ್ಲಿ ನಾನು ಸ್ವಲ್ಪ ಸಡಿಲಿಸುತ್ತೇನೆ, ಪೂರ್ತಿ ಬಿಟ್ಟುಕೊಡುವುದಿಲ್ಲ. ಆದರೆ ಬಹು-ಘಟಕ ಯಂತ್ರದ ನಿಜವಾದ ಲಾಭವನ್ನು ಇಲ್ಲಿ ಯಾರೂ ಹೇಳಲಿಲ್ಲ. ಓ ಗುಂಪಿನ ದಾನಿಯ ಕೆಂಪು ಕಣಕ್ಕೆ ಬೇಡಿಕೆ, ಎಬಿ ಗುಂಪಿನವರ ಪ್ಲಾಸ್ಮಾಕ್ಕೆ ಬೇಡಿಕೆ. ಪೂರ್ಣ ರಕ್ತವನ್ನೇ ತೆಗೆದರೆ ಎಲ್ಲರಿಂದಲೂ ಎಲ್ಲವೂ ಒಂದೇ ಪ್ರಮಾಣದಲ್ಲಿ ಬರುತ್ತದೆ, ಬೇಡದ್ದು ಕಪಾಟಿನಲ್ಲೇ ಕೊನೆಗಾಣುತ್ತದೆ. ಅಂದಿನ ದಾಸ್ತಾನು ನೋಡಿ, ಬಂದ ದಾನಿಯ ಗುಂಪು ನೋಡಿ, ಜೋಡಿಯನ್ನು ಕುರ್ಚಿಯ ಪಕ್ಕದಲ್ಲೇ ನಿರ್ಧರಿಸಲು ಬಿಡುವ ಯಂತ್ರ ನನಗೆ ಬೇಕು. ಕಿಟ್ ಬದಲಾಯಿಸದೆ ಎಷ್ಟು ಜೋಡಿಗಳು ಸಾಧ್ಯ ಎಂಬುದೂ ಪಟ್ಟಿಯಲ್ಲಿರಲಿ.

ರಕ್ತವೈದ್ಯೆ:
ಒಳ್ಳೆಯ ಅಂಶ, ಒಂದು ಎಚ್ಚರಿಕೆಯೊಂದಿಗೆ. ಎರಡು ಕೆಂಪು ಕಣದ ಚೀಲ ತೆಗೆದರೆ ದಾನಿಯ ಮೈಯಿಂದ ಸುಮಾರು 400 ಮಿ.ಗ್ರಾಂ ಕಬ್ಬಿಣ ಹೋಗುತ್ತದೆ. ಹಲವು ಮಹಿಳೆಯರ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಅಷ್ಟೂ ಇರುವುದಿಲ್ಲ. ಅಮೆರಿಕದಲ್ಲಿ ಇಂಥ ದಾನದ ನಂತರ 16 ವಾರ ಬಿಡುವು ಕೊಡುವುದು ಇದಕ್ಕಾಗಿಯೇ. ಹಾಗೆಯೇ ಗರ್ಭ ಧರಿಸಿದ್ದ ಮಹಿಳೆಯರ ಪ್ಲಾಸ್ಮಾದಲ್ಲಿ, ರೋಗಿಯ ಶ್ವಾಸಕೋಶಕ್ಕೆ ಹಾನಿ ಮಾಡಬಲ್ಲ ಪ್ರತಿಕಾಯಗಳು ಇರುವ ಸಾಧ್ಯತೆ ಹೆಚ್ಚು. ಎಬಿ ಗುಂಪು ಎಂದ ಕೂಡಲೇ ಪ್ಲಾಸ್ಮಾ ಎಂದು ಒತ್ತಲಾಗದು. ಜೋಡಿಯನ್ನು ಕುರ್ಚಿಯ ಪಕ್ಕದಲ್ಲಿ ನಿರ್ಧರಿಸಬಹುದು, ಆದರೆ ದಾನಿಯ ಹಿಂದಿನ ದಾಖಲೆ ಕಣ್ಣ ಮುಂದಿರಬೇಕು.

ಹೊಸಕಲಿಕೆ:
ಈ ಯಂತ್ರಗಳು ಮೊದಲಿನಿಂದಲೂ ಪ್ಲೇಟ್‌ಲೆಟ್‌ಗಾಗಿಯೇ ಹುಟ್ಟಿದವೇ?

ಹಳೆಯಬೌಲ್:
ಇಲ್ಲ. 1960ರ ದಶಕದಲ್ಲಿ ಐಬಿಎಂನ ಎಂಜಿನಿಯರ್ ಜಾರ್ಜ್ ಜಡ್ಸನ್ ಅವರ ಮಗನಿಗೆ ರಕ್ತದ ಕ್ಯಾನ್ಸರ್ ಇತ್ತು. ಅವರು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವೈದ್ಯ ಎಮಿಲ್ ಫ್ರೈರೈಕ್ ಅವರೊಂದಿಗೆ ಸೇರಿ ನಿರಂತರ ಹರಿವಿನ ಕಣ ವಿಂಗಡಕವನ್ನು ರೂಪಿಸಿದರು. ಬಿಳಿ ಕಣಗಳನ್ನು ಬೇರ್ಪಡಿಸುವುದೇ ಅದರ ಮೊದಲ ಗುರಿಯಾಗಿತ್ತು. ಬೌಲಿನ ಕಡೆಯ ಬೇರು ಜೀವರಸಾಯನ ವಿಜ್ಞಾನಿ ಎಡ್ವಿನ್ ಕೋನ್ ಅವರ ಸೆಂಟ್ರಿಫ್ಯೂಜಿನಲ್ಲಿದೆ, ಅದನ್ನು ಒಮ್ಮೆ ಬಳಸಿ ಎಸೆಯುವ ಬೌಲಾಗಿ ಮಾಡಿದವರು ಎಂಜಿನಿಯರ್ ಜ್ಯಾಕ್ ಲೇಥಮ್. ಯಂತ್ರಮಿತ್ರ ಅವರು ಹೇಳಿದ ಎರಡು ಜಾತಿಗಳೂ ಅಂದಿನಿಂದಲೇ ಬೇರೆ ಬೇರೆ.

ಹೊಂಗೆನೆರಳು:
ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಪಟ್ಟಿಯನ್ನು ತಲೆಕೆಳಗು ಮಾಡಿ ಬರೆದಿದ್ದೇನೆ. ಮೊದಲ ಸಾಲಿನಲ್ಲಿ 50 ಕಿಲೋ ತೂಕದ, ಹೆಮಟೋಕ್ರಿಟ್ ಶೇ. 38 ಇರುವ ದಾನಿಯ ಮೈಯಿಂದ ಗರಿಷ್ಠ ಎಷ್ಟು ರಕ್ತ ಹೊರಗಿರುತ್ತದೆ ಎಂಬುದು. ಎರಡನೆಯದು ಅರ್ಧಕ್ಕೆ ನಿಂತಾಗಿನ ನಷ್ಟ. ನಿಮಿಷ ಐದನೆಯ ಸಾಲಿಗೆ ಹೋಗಿದೆ, ದಾಸ್ತಾನು ಅವರು ಬೇಸರಿಸಬಾರದು. ಪರೀಕ್ಷೆಗೆಂದು ಎರಡು ಯಂತ್ರಗಳನ್ನು ಕೆಲವು ವಾರ ಇಟ್ಟುಕೊಳ್ಳಲು ಅವಕಾಶ ಸಿಕ್ಕಿದೆ. ಒಪ್ಪುವ ದಾನಿಗಳನ್ನು ಸಾಕಷ್ಟು ಬಿಡುವು ಕೊಟ್ಟು ಎರಡರಲ್ಲೂ ಒಂದೊಂದು ಬಾರಿ ಕೂರಿಸಿ, ಅರ್ಧ ಜನರಿಗೆ ಕ್ರಮವನ್ನು ಅದಲುಬದಲು ಮಾಡಿ, ಹಿಂದುಮುಂದಿನ ಎಣಿಕೆಯನ್ನೂ ಹಾಯ್ದ ರಕ್ತದ ಪ್ರಮಾಣವನ್ನೂ ಬರೆದುಕೊಳ್ಳಬೇಕೆಂದಿದ್ದೇನೆ. ಇನ್ನೇನಾದರೂ ಬಿಟ್ಟುಹೋಗಿದೆಯೇ?

ಸೂಜಿಮೊನೆ:
ಒಂದು ಬಿಟ್ಟಿದೆ. ತುಟಿ ಜುಮ್ಮೆಂದಿತೇ ಎಂದು ಕೊನೆಯಲ್ಲಿ ಕೇಳಿದರೆ ಹೆಚ್ಚಿನವರು ಸಂಕೋಚಕ್ಕೆ ಇಲ್ಲ ಎನ್ನುತ್ತಾರೆ. ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ನೀವೇ ಹತ್ತಿರ ಹೋಗಿ ಕೇಳಿ ಸಮಯದೊಂದಿಗೆ ಬರೆದಿಡಿ. ತುಟಿಯನ್ನು ನಾಲಿಗೆಯಿಂದ ಮತ್ತೆ ಮತ್ತೆ ಸವರಿಕೊಳ್ಳುತ್ತಿದ್ದರೆ, ಅವರು ಏನೂ ಇಲ್ಲ ಎಂದರೂ ಅದನ್ನೂ ಬರೆಯಿರಿ.